ಎಕ್ಸ್ ಎಂದರೆ ಇಡ್ಲಿಯಲ್ಲ, ಇಡ್ಲಿಯ ಬೆಲೆ

ಓದುಗರ ಪ್ರಶ್ನೆ – ಈ ಸಲ ಹೈಸ್ಕೂಲಿನ ಬೀಜಗಣಿತ

ಮುಂಬಯಿ, ಪುಣೆ, ಗೋವೆಯ ಕನ್ನಡಿಗ ಶಿಕ್ಷಕರು, ಪಾಲಕರು ಬರೆದ ಪತ್ರಗಳಲ್ಲಿ ಬೀಜಗಣಿತದವನ್ನೆಲ್ಲ ಒಂದೆಡೆ ತೆಗೆದುಕೊಂಡಿದ್ದೇವೆ. ಅಚ್ಚಿನ ಅನುಕೂಲಕ್ಕೆ ಗೊತ್ತಿಲ್ಲದ ಸಂಖ್ಯೆಗಳನ್ನು ಇಲ್ಲಿ ಕ, ಚ ಎಂದು ಬರೆದಿದೆ. ತರಗತಿಯಲ್ಲಿ ಪಠ್ಯಪುಸ್ತಕದ ಎಕ್ಸ್, ವೈ ಇರಲಿ.

ಪ್ರಶ್ನೆ: ಎಂಟನೇ ತರಗತಿಗೆ ಸಮೀಕರಣ ಹೇಳಿಕೊಡುವಾಗ ಮಕ್ಕಳು, “ಟೀಚರ್, ಉತ್ತರ ಬಾಯಲ್ಲೇ ಗೊತ್ತಾಗುತ್ತದಲ್ಲ, ಎಕ್ಸ್ ಯಾಕೆ?” ಎನ್ನುತ್ತಾರೆ. ಆಟ, ಚಾರ್ಟು, ರಸಪ್ರಶ್ನೆ ಎಲ್ಲ ಆಯಿತು. ಎರಡು ದಿನ ಹುರುಪು, ಆಮೇಲೆ ಮತ್ತೆ ಆಕಳಿಕೆ. – ಶಿಕ್ಷಕಿ, ಘಾಟ್‌ಕೋಪರ್

ಉತ್ತರ: ಮಕ್ಕಳ ತಕರಾರು ನ್ಯಾಯವಾದದ್ದೇ. “ಒಂದು ಸಂಖ್ಯೆಗೆ 5 ಕೂಡಿಸಿದರೆ 12” ಎಂಬ ಲೆಕ್ಕಕ್ಕೆ ಎಕ್ಸ್ ಬೇಡವೇ ಬೇಡ. ಬೇಡದ ಕಡೆ ಹೇರಿದ ಅಕ್ಷರವನ್ನು ಅವರು ಶಿಕ್ಷಕರ ಹಟ ಎಂದೇ ತಿಳಿಯುತ್ತಾರೆ. ಆಟ, ಚಾರ್ಟು ಸೇರಿಸಿದರೆ ಹಟಕ್ಕೆ ಬಣ್ಣ ಬಳಿದಂತಾಯಿತು, ಅಷ್ಟೇ. ಅಕ್ಷರವಿಲ್ಲದೆ ಕೈ ಕಟ್ಟಿದಂತಾಗುವ ಒಂದು ಸಂಗತಿಯನ್ನು ಮುಂದಿಡಿ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು.

ಇಬ್ಬಿಬ್ಬರಿಗೆ ಒಂದು ತಿಂಗಳ ಹಾಳೆ ಕೊಡಿ. ಪಕ್ಕಪಕ್ಕದ ಎರಡು, ಅವುಗಳ ಕೆಳಗಿನ ಎರಡು, ಹೀಗೆ ನಾಲ್ಕು ತಾರೀಖಿನ ಚೌಕ ಹಾಕಲಿ. ಮೂಲೆಯಿಂದ ಮೂಲೆಗೆ ಗುಣಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಲಿ. 9, 10, 16, 17 ತೆಗೆದುಕೊಂಡವರಿಗೆ 10×16=160, 9×17=153, ವ್ಯತ್ಯಾಸ 7. ಎಲ್ಲರ ಉತ್ತರವನ್ನೂ ಹಲಗೆಯ ಮೇಲೆ ಬರೆಯಿರಿ. ಎಲ್ಲವೂ 7. ತಪ್ಪು ಗುಣಿಸಿದವರು ತಾವೇ ತಿದ್ದಿಕೊಳ್ಳುತ್ತಾರೆ, ನೀವು ಹೇಳಬೇಕಾಗಿಲ್ಲ. ಈಗ, “ಯಾವ ವರ್ಷದ ಯಾವ ತಿಂಗಳಾದರೂ 7 ಬರುತ್ತದೆಂದು ಹೇಗೆ ನಂಬೋಣ?” ಎಂದು ಕೇಳಿ, ಐದು ನಿಮಿಷ ಸುಮ್ಮನಿರಿ. ಈ ಮೌನವನ್ನು ತಡೆಯಲಾರದೆ ಶಿಕ್ಷಕರೇ ಬಾಯಿಬಿಟ್ಟರೆ ಪಾಠ ಅಲ್ಲಿಗೆ ಮುಗಿಯಿತು.

ಕೆಲವರು ನಾಲ್ಕು ಮನೆಗೆ ನಾಲ್ಕು ಬೇರೆ ಅಕ್ಷರ ಹಾಕಿ ಸಿಕ್ಕಿಕೊಳ್ಳುತ್ತಾರೆ. ಅಳಿಸಬೇಡಿ. “ಮೊದಲ ಮನೆ ಗೊತ್ತಾದರೆ ಅದರ ಕೆಳಗಿನದನ್ನು ಹೇಳಬಲ್ಲೆಯಾ?” ಎಂದಷ್ಟೇ ಕೇಳಿ. ವಾರಕ್ಕೆ ಏಳು ದಿನ, ಆದ್ದರಿಂದ ಕ, ಕ+1, ಕ+7, ಕ+8. ಇಡೀ ಪಾಠದ ತಿರುವು ಇದೇ, ಉಳಿದದ್ದು ಗುಣಾಕಾರ. (ಕ+1)(ಕ+7) ಬಿಡಿಸಿದರೆ ಕ²+8ಕ+7. ಕ(ಕ+8) ಬಿಡಿಸಿದರೆ ಕ²+8ಕ. ಉಳಿದದ್ದು 7. ಕೆಲವು ಕ್ಯಾಲೆಂಡರುಗಳಲ್ಲಿ ತಾರೀಖು ಅಡ್ಡಕ್ಕೆ ಓಡುತ್ತದೆ, ಕೆಲವದರಲ್ಲಿ ಮೇಲಿಂದ ಕೆಳಕ್ಕೆ. ಎರಡರಲ್ಲೂ 7 ಯಾಕೆ ಬಂತೆಂಬುದು ಅದೇ ದಿನದ ಎರಡನೇ ಪ್ರಶ್ನೆ. ವಾರಕ್ಕೆ ಆರೇ ದಿನ ಇದ್ದಿದ್ದರೆ? ಮನೆಗೆ ಕಳಿಸಲು ಇದು ಒಳ್ಳೆಯದು.

ಮರುದಿನ ಮೂರಕ್ಕೆ ಮೂರರ ಚೌಕ. ಒಂಬತ್ತು ತಾರೀಖುಗಳ ಮೊತ್ತ ಹೇಳಿದರೆ ನೀವು ಮೊದಲ ತಾರೀಖು ಹೇಳುತ್ತೀರಿ: 9ರಿಂದ ಭಾಗಿಸಿ 8 ಕಳೆಯುವುದು. 144 ಎಂದರೆ 16, ಅಂದರೆ 8ನೇ ತಾರೀಖು. ಗುಟ್ಟನ್ನು ನೀವು ಹೇಳಬೇಡಿ. ಮೊತ್ತ 9ಕ+72 ಎಂದು ಯಾರಾದರೂ ಕಂಡುಕೊಳ್ಳುವವರೆಗೆ ಕಾಯಿರಿ.

ಪ್ರಶ್ನೆ: 3ಕ = 12 ಕೊಟ್ಟರೆ ಅರ್ಧ ತರಗತಿ ಕ = 12–3 = 9 ಎನ್ನುತ್ತದೆ. “ಪಕ್ಷ ಬದಲಾದರೆ ಚಿಹ್ನೆ ಬದಲು” ಎಂದು ಎಷ್ಟು ಸಲ ಹೇಳಿದರೂ ಇದೇ ಪಾಡು. – ಶಿಕ್ಷಕ, ಡೊಂಬಿವಲಿ

ಉತ್ತರ: ಆ ಸೂತ್ರ ಹೇಳಿದ್ದರಿಂದಲೇ ಈ ಪಾಡು. ಆಚೆ ಹೋದದ್ದು ಚಿಹ್ನೆ ಬದಲಿಸಬೇಕೆಂದರೆ 3 ಆಚೆ ಹೋಗಿ –3 ಆಯಿತು. ಹುಡುಗ ನಿಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಇನ್ನೂ ಚುರುಕಾದವರು 12 ÷ (–3) ಎಂದು ಬರೆದು –4 ತರುತ್ತಾರೆ.

ಬೇರು ಇನ್ನೂ ಕೆಳಗಿದೆ. ನಾಳೆ ತರಗತಿಗೆ ಹೋದೊಡನೆ 8 + 4 = □ + 5 ಎಂದು ಬರೆದು, ಖಾಲಿ ಮನೆಯಲ್ಲಿ ಏನು ಬರಬೇಕೆಂದು ಚೀಟಿಯಲ್ಲಿ ಬರೆಸಿ. 12 ಎಂದವರಿಗೆ ಸಮ ಚಿಹ್ನೆ ಎಂದರೆ “ಇಗೋ ಉತ್ತರ” ಎಂದು. 17 ಎಂದವರು ಕಂಡದ್ದನ್ನೆಲ್ಲ ಕೂಡಿಸಿದ್ದಾರೆ. 7 ಎಂದವರು ಮಾತ್ರ ಎರಡೂ ಕಡೆ ತೂಗಿ ನೋಡಿದವರು. ಮೊದಲ ಎರಡು ಗುಂಪು ದೊಡ್ಡದಿದ್ದರೆ ಸಮೀಕರಣ ನಿಲ್ಲಿಸಿ, ಎರಡು ಪಿರಿಯಡ್ ಇಂಥ ಖಾಲಿ ಮನೆಯ ಲೆಕ್ಕಗಳನ್ನೇ ಮಾಡಿಸಿ. 5+3=8×2=16–4=12 ಎಂದು ಸರಪಳಿ ಬರೆಯುವ ಚಾಳಿಯನ್ನೂ ಆಗಲೇ ತಡೆಯಿರಿ. ಹಲಗೆಯ ಮೇಲೆ ನಾವೇ ಅವಸರಕ್ಕೆ ಹಾಗೆ ಬರೆಯುವುದುಂಟು, ಮಕ್ಕಳು ನೋಡುತ್ತಿರುತ್ತಾರೆ.

ಆಮೇಲೆ ಮೂರು ವಾರ “ಆಚೆ ಕಳಿಸು” ಎಂಬ ಮಾತೇ ಬೇಡ. ಪ್ರತಿ ಸಾಲಿನ ಅಂಚಿನಲ್ಲಿ, ಎರಡೂ ಕಡೆಗೆ ಏನು ಮಾಡಿದೆ ಎಂದು ಬರೆಯಲಿ: “÷3”, “–7” ಹೀಗೆ. 3ಕ+7=19ರಲ್ಲಿ ಮೊದಲು –7, ಆಮೇಲೆ ÷3. ಮೊದಲೇ 3ರಿಂದ ಭಾಗಿಸುವವರು 7ನ್ನು ಭಾಗಿಸಲು ಮರೆಯುತ್ತಾರೆ. ಕೊನೆಗೆ ಬಂದ ಬೆಲೆಯನ್ನು ಮೂಲ ಸಮೀಕರಣದಲ್ಲಿ ಹಾಕಿ ತಾಳೆ ನೋಡಿದ ಸಾಲಿಗೆ ಒಂದು ಅಂಕ ಇಡಿ. ಕ=9 ಎಂದವನು 3×9=27 ಎಂದು ತಾನೇ ಬರೆದರೆ 12ರ ಪಕ್ಕದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ.

ತಕ್ಕಡಿಯ ಚಿತ್ರ ಕ+5=12ಕ್ಕೆ ಸೊಗಸು, ಕ+5=2ಕ್ಕೆ ಕೈಕೊಡುತ್ತದೆ. ಋಣ ಸಂಖ್ಯೆ ಬಂದೊಡನೆ ತಕ್ಕಡಿಯನ್ನು ಮಡಚಿಟ್ಟು ಸಂಖ್ಯಾರೇಖೆಗೆ ಬನ್ನಿ.

ಪ್ರಶ್ನೆ: ಅಪವರ್ತನಕ್ಕೆ, ಅಂದರೆ ಕ²+5ಕ+6ರಂಥದನ್ನು ಗುಣಾಕಾರವಾಗಿ ಒಡೆಯುವುದಕ್ಕೆ, ಟೈಲ್ಸ್ (ಕ², ಕ, 1 ಎಂದು ಹಿಡಿಯುವ ಚೌಕ, ಪಟ್ಟಿಗಳ ತುಂಡು) ಬಳಸಿ ಎನ್ನುತ್ತಾರೆ. ಕೊಳ್ಳುವಷ್ಟು ಹಣ ನಮ್ಮ ಶಾಲೆಯಲ್ಲಿಲ್ಲ. ರಟ್ಟಿನಲ್ಲಿ ಮಾಡಬಹುದೇ? ಅಳತೆ ಏನು? – ಶಿಕ್ಷಕಿ, ಪಿಂಪ್ರಿ

ಉತ್ತರ: ಧಾರಾಳವಾಗಿ. ಜೋಡಿಗೊಂದು ಎ4 ಅಳತೆಯ ಕಾರ್ಡ್‌ಶೀಟ್ ಸಾಕು. ಬಿಡಿ ತುಂಡು 2 ಸೆಂ.ಮೀ. ಚೌಕ, ಇದು 1. ಪಟ್ಟಿ 2 ಸೆಂ.ಮೀ. ಅಗಲ, 7.3 ಸೆಂ.ಮೀ. ಉದ್ದ, ಇದು ಕ. ದೊಡ್ಡ ಚೌಕ 7.3 ಸೆಂ.ಮೀ. ಬದಿಯದು, ಇದು ಕ². ಹಾಳೆಯನ್ನು ಅಡ್ಡ ಹಿಡಿದರೆ ಮೇಲಿನ ಸಾಲಿನಲ್ಲಿ ಎರಡು ದೊಡ್ಡ ಚೌಕ, ಪಕ್ಕದಲ್ಲಿ ಏಳು ಪಟ್ಟಿ ಹಿಡಿಸುತ್ತವೆ. ಕೆಳಗಿನ ಸಾಲಿನಲ್ಲಿ ಇನ್ನು ಮೂರು ಪಟ್ಟಿ, ಹದಿನಾರು ಬಿಡಿ ತುಂಡು. ಆಮೇಲೂ ಹಾಳೆ ಉಳಿಯುತ್ತದೆ. ಹಿಂಬದಿಗೆ ಕೆಂಪು ಬಳಿಯಿರಿ, ಅದು ಋಣ.

7.3 ಎಂಬ ವಿಚಿತ್ರ ಅಳತೆ ಬೇಕೆಂದೇ ಇಟ್ಟದ್ದು. ಪಟ್ಟಿ ಸರಿಯಾಗಿ 8 ಸೆಂ.ಮೀ. ಇದ್ದರೆ ನಾಲ್ಕು ಬಿಡಿ ತುಂಡು ಅದರ ಪಕ್ಕದಲ್ಲಿ ಕರಾರುವಾಕ್ಕಾಗಿ ಕೂರುತ್ತವೆ, ಮಕ್ಕಳು “ಕ ಎಂದರೆ 4” ಎಂದು ತೀರ್ಮಾನಿಸಿಬಿಡುತ್ತಾರೆ. ಕ ಯಾವ ಸಂಖ್ಯೆಯೂ ಆಗಬಹುದೆಂಬುದು ಕೈಗೇ ತಿಳಿಯಬೇಕಾದರೆ ಅಳತೆ ಹೊಂದಬಾರದು.

ಕ²+5ಕ+6ಕ್ಕೆ ಒಂದು ದೊಡ್ಡ ಚೌಕ, ಐದು ಪಟ್ಟಿ, ಆರು ಬಿಡಿ ಕೊಟ್ಟು, “ಸಂದು ಬಿಡದೆ ಒಂದು ಆಯತ ಮಾಡಿ” ಎಂದಷ್ಟೇ ಹೇಳಿ. ಆರು ಬಿಡಿಗಳನ್ನು ಒಂದೇ ಉದ್ದ ಸಾಲಾಗಿಟ್ಟವರಿಗೆ ಏಳು ಪಟ್ಟಿ ಬೇಕಾಗುತ್ತದೆ, ಇರುವುದು ಐದು. ಎರಡು ಸಾಲಿಗೆ ಮೂರರಂತೆ ಇಟ್ಟರೆ ಒಂದು ಬದಿಗೆ ಎರಡು ಪಟ್ಟಿ, ಇನ್ನೊಂದು ಬದಿಗೆ ಮೂರು, ಕೂಡಿಬಂತು. ಬದಿಗಳು ಕ+2, ಕ+3. ಗುಣಿಸಿದರೆ 6, ಕೂಡಿಸಿದರೆ 5 ಬರುವ ಜೋಡಿ ಹುಡುಕು ಎಂದು ನಾವು ಬಾಯಿಪಾಠ ಮಾಡಿಸುವುದರ ಕಾರಣ ಮೇಜಿನ ಮೇಲೆ ಬಿದ್ದಿರುತ್ತದೆ. ವರ್ಗ ಪೂರ್ಣಗೊಳಿಸುವುದೂ ಹಾಗೇ: ಕ²+6ಕಕ್ಕೆ ಮೂರು ಪಟ್ಟಿ ಈಚೆ, ಮೂರು ಆಚೆ ಇಟ್ಟರೆ ಮೂಲೆಯಲ್ಲಿ ಒಂಬತ್ತು ಬಿಡಿಗಳ ಜಾಗ ಖಾಲಿ. ಆ 9 ಎಲ್ಲಿಂದ ಬಂತೆಂದು ಆಮೇಲೆ ಯಾರೂ ಕೇಳುವುದಿಲ್ಲ.

ಋಣ ಪದಗಳಲ್ಲಿ ತೊಡಕಿದೆ. ಕ²–ಕ–6ಕ್ಕೆ ಇರುವ ಒಂದು ಕೆಂಪು ಪಟ್ಟಿಯಿಂದ ಆಯತ ಆಗದು. ಒಂದು ಬಿಳಿ, ಒಂದು ಕೆಂಪು ಸೇರಿದರೆ ಸೊನ್ನೆ ಎಂದು ಒಪ್ಪಿಸಿ, ಅಂಥ ಎರಡು ಜೋಡಿ ಸೇರಿಸಿ, ಮೂರು ಕೆಂಪು ಎರಡು ಬಿಳಿ ಮಾಡಿಕೊಂಡರೆ (ಕ–3)(ಕ+2). ಒಂದು ಸಲ ತೋರಿಸಿದರೆ ಸಾಕು. ಇದನ್ನೇ ಅಭ್ಯಾಸ ಮಾಡಿಸಿದರೆ ರಟ್ಟಿನ ನಿಯಮವೇ ಹೊಸ ಬಾಯಿಪಾಠವಾಗುತ್ತದೆ. 2ಕ²+13ಕ+15 ಬರುವ ಹೊತ್ತಿಗೆ ತುಂಡುಗಳನ್ನು ಡಬ್ಬಿಗೆ ಹಾಕಿ, ಹಾಳೆಯ ಮೇಲೆ ನಾಲ್ಕು ಮನೆಯ ಚೌಕ ಬರೆದು ಅದರೊಳಗೆ 2ಕ², 10ಕ, 3ಕ, 15 ತುಂಬಿಸಿ.

ಪ್ರಶ್ನೆ: ರಾತ್ರಿ ಶಾಲೆಯ ಹತ್ತನೇ ತರಗತಿ. ಹುಡುಗರು ಹೋಟೆಲು, ಅಂಗಡಿಯಲ್ಲಿ ದುಡಿದು ಬರುತ್ತಾರೆ. ಎರಡು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಕ್ರೇಮರನ ನಿಯಮ ಬಾಯಿಪಾಠ ಮಾಡಿಸಿದರೂ ಚಿಹ್ನೆಯಲ್ಲಿ ಎಡವುತ್ತಾರೆ. 40 ಅಂಕದ ಬೀಜಗಣಿತದ ಪತ್ರಿಕೆ ದಾಟಿಸಬೇಕು, ಹೊತ್ತು ಕಡಿಮೆ. – ಶಿಕ್ಷಕ, ಮುಂಬಯಿ

ಉತ್ತರ: ಅವರಿಗೆ ಗೊತ್ತಿರುವ ಬಿಲ್ಲಿನಿಂದಲೇ ಶುರು ಮಾಡಿ. ಒಂದು ಟೇಬಲ್ಲಿಗೆ 2 ಪ್ಲೇಟು ಇಡ್ಲಿ, 3 ಪ್ಲೇಟು ವಡೆ: 230 ರೂಪಾಯಿ. ಪಕ್ಕದ ಟೇಬಲ್ಲಿಗೆ 4 ಇಡ್ಲಿ, 1 ವಡೆ: 210. ದರಪಟ್ಟಿ ಕಾಣೆಯಾಗಿದೆ, ಒಂದೊಂದರ ಬೆಲೆ ಹೇಳಿ. ಹಲಗೆಯ ಮೇಲೆ ಅಕ್ಷರ ಬರೆಯಬೇಡಿ. ಕೌಂಟರಿನ ಲೆಕ್ಕ ಬಲ್ಲ ಹುಡುಗರಿಗೆ “ಮೊದಲ ಟೇಬಲ್ಲಿನವರು ಎಲ್ಲವನ್ನೂ ಇನ್ನೊಂದು ಸಲ ತರಿಸಿದರೆ?” ಎಂಬ ಸುಳಿವು ಸಾಕು. 4 ಇಡ್ಲಿ, 6 ವಡೆ, 460. ಎರಡನೇ ಬಿಲ್ಲಿಗಿಂತ ವಡೆ ಐದು ಹೆಚ್ಚು, ರೂಪಾಯಿ 250 ಹೆಚ್ಚು. ವಡೆ 50, ಇಡ್ಲಿ 40. ಚರಾಕ್ಷರ ಲೋಪಿಸುವ ವಿಧಾನ ಇದೇ ಎಂದು ಆಮೇಲೆ ಹೇಳಿದರಾಯಿತು.

ಈಗ ಅಕ್ಷರಕ್ಕೆ ಬನ್ನಿ, ಆದರೆ ಎಚ್ಚರ. “ಕ ಎಂದರೇನು?” ಎಂದು ಕೇಳಿದರೆ “ಇಡ್ಲಿ” ಎನ್ನುತ್ತಾರೆ. ಅಲ್ಲ, ಒಂದು ಪ್ಲೇಟು ಇಡ್ಲಿಯ ಬೆಲೆ, ರೂಪಾಯಿಯಲ್ಲಿ. ಈ ಒಂದು ಸಾಲನ್ನು ಪ್ರತಿ ಲೆಕ್ಕದ ತಲೆಯಲ್ಲಿ ಬರೆಸಲೇಬೇಕು. ಅಕ್ಷರವನ್ನು ವಸ್ತು ಎಂದುಕೊಂಡವರು “ಒಬ್ಬ ಶಿಕ್ಷಕರಿಗೆ 30 ವಿದ್ಯಾರ್ಥಿಗಳು” ಎಂಬುದನ್ನು 30ವ = ಶ ಎಂದು ಬರೆಯುತ್ತಾರೆ. ಮಾತಿನ ಕ್ರಮಕ್ಕೆ ಅದು ಹೊಂದುತ್ತದೆ, ಲೆಕ್ಕಕ್ಕೆ ತಲೆಕೆಳಗು. ಶ=2 ಹಾಕಿ ನೋಡಿಸಿ, ಆಗ ವಿದ್ಯಾರ್ಥಿಗಳು 60 ಇರಬೇಕಲ್ಲ? ವಾಟ್ಸಾಪಿನಲ್ಲಿ ಓಡಾಡುವ ಸೇಬು, ಬಾಳೆಹಣ್ಣಿನ ಒಗಟುಗಳು ಈ ತಪ್ಪನ್ನೇ ಗಟ್ಟಿ ಮಾಡುತ್ತವೆ. ತರಗತಿಗೆ ತರಬೇಡಿ ಎಂದೇ ನಮ್ಮ ಸಲಹೆ.

ಇನ್ನು ಕ್ರೇಮರ್. ವಡೆಯ ಬೆಲೆ ಚ ಎಂದಿಟ್ಟರೆ ಮೇಲಿನ ಬಿಲ್ಲುಗಳು 2ಕ+3ಚ=230, 4ಕ+ಚ=210. ನಿರ್ಧಾರಕ, ಅಂದರೆ ಅಕ್ಷರಗಳ ಹಿಂದಿನ ಸಂಖ್ಯೆಗಳನ್ನು ಮೂಲೆಯಿಂದ ಮೂಲೆಗೆ ಗುಣಿಸಿ ಕಳೆದದ್ದು, ಡಿ = 2×1 – 3×4 = –10. ಕಗೆ 230×1 – 3×210 = –400. ಚಗೆ 2×210 – 230×4 = –500. ಡಿಯಿಂದ ಭಾಗಿಸಿದರೆ 40, 50. ಮೂರೂ ಋಣ. ಋಣ ಸಂಖ್ಯೆ ಕಂಡ ಭಯಕ್ಕೆ ಹುಡುಗರು ಡಿಯ ಚಿಹ್ನೆಯನ್ನು ಮೆಲ್ಲಗೆ ಬಿಟ್ಟು –40 ತರುವುದು ಇಲ್ಲೇ. ಹಾಗಾಗಿ ಡಿ ಋಣವಾಗುವ ಲೆಕ್ಕವನ್ನೇ ಮೊದಲ ಉದಾಹರಣೆಯಾಗಿ ಕೊಡಿ. ಉಳಿದ ತಪ್ಪುಗಳೆಲ್ಲ ಸಿದ್ಧತೆಯವು: ಸ್ಥಿರ ಪದ ಬಲಕ್ಕೆ ಬಂದಿಲ್ಲ, ಎರಡನೇ ಸಮೀಕರಣದಲ್ಲಿ ಅಕ್ಷರಗಳ ಕ್ರಮ ಅದಲುಬದಲು, ಚ ಇಲ್ಲದ ಕಡೆ 0 ಬರೆದಿಲ್ಲ. ನಿರ್ಧಾರಕಕ್ಕೆ ಕೈ ಹಾಕುವ ಮೊದಲು ಎರಡು ಸಮೀಕರಣಗಳನ್ನೂ ಒಂದರ ಕೆಳಗೊಂದು ಸಾಲುಹಿಡಿದು ಬರೆಯುವುದಕ್ಕೇ ಒಂದು ಪಿರಿಯಡ್ ಇಡಿ, ಉತ್ತರ ಬೇಡ, ಜೋಡಣೆ ಮಾತ್ರ. ದಣಿದು ಬಂದವರಿಗೆ ಹತ್ತು ಪೂರ್ತಿ ಲೆಕ್ಕಕ್ಕಿಂತ ಇದು ಹಗುರ, ಫಲವೂ ಹೆಚ್ಚು.

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಸಮೀಕರಣ ಕೊಟ್ಟರೆ ಬಿಡಿಸುತ್ತಾಳೆ, ವಾಕ್ಯದ ಲೆಕ್ಕ ಕಂಡರೆ ಪೆನ್ನು ಕೆಳಗಿಡುತ್ತಾಳೆ. – ತಾಯಿ, ವಾಸ್ಕೊ

ಉತ್ತರ: ಅಂದಾಜಿನಿಂದ ಹತ್ತಿಸಿ. ಉದಾಹರಣೆಗೆ: ತಂದೆಯ ವಯಸ್ಸು ಮಗಳ ವಯಸ್ಸಿನ ಮೂರು ಪಟ್ಟಿಗಿಂತ 2 ಹೆಚ್ಚು. ಆರು ವರ್ಷದ ನಂತರ ಇಬ್ಬರ ವಯಸ್ಸು ಸೇರಿ 62. ಎಕ್ಸ್ ಎಂದು ಶುರು ಮಾಡಬೇಡಿ. “ಮಗಳಿಗೆ 10 ಇರಲಿ, ಸರಿಯೋ ತಪ್ಪೋ ತಾಳೆ ನೋಡು” ಎನ್ನಿ. ಆದರೆ ಒಂದು ಷರತ್ತು: ನಡುವೆ ಕೂಡಿಸಿ ಗುಣಿಸಿ ಮುಗಿಸಕೂಡದು, ಹಾಗೇ ಬಿಡಿಬಿಡಿಯಾಗಿ ಬರೆಯಬೇಕು. ತಂದೆ 3×10+2. ಆರು ವರ್ಷದ ನಂತರ ಮಗಳು 10+6, ತಂದೆ 3×10+2+6. ಮೊತ್ತ 54, ಬೇಕಾದದ್ದು 62. ತಪ್ಪಿತು, ಚಿಂತೆಯಿಲ್ಲ. ಅದರ ಕೆಳಗೇ 11 ಇಟ್ಟು ಅದೇ ಸಾಲು ಬರೆಸಿ: 58. ಎರಡು ಸಾಲುಗಳಲ್ಲಿ ಬದಲಾದದ್ದು ಯಾವುದು? 10 ಇದ್ದಲ್ಲಿ 11, ಅಷ್ಟೇ. ಮೂರನೇ ಸಾಲಿನಲ್ಲಿ ಅಲ್ಲೆಲ್ಲ ಕ ಬರೆಯಲಿ: (ಕ+6)+(3ಕ+2+6)=62. ಕ=12, ತಂದೆ 38.

ಷರತ್ತು ಮುರಿದರೆ ವಿಧಾನವೇ ಕೆಡುತ್ತದೆ. 3×10+2ರ ಬದಲು 32 ಎಂದು ಬರೆದುಬಿಟ್ಟರೆ 10 ಎಲ್ಲಿ ಅಡಗಿತ್ತೆಂಬುದು ಕಾಣದೆ, ಅಕ್ಷರ ಕೂರಿಸಲು ಜಾಗವೇ ಉಳಿಯದು. ಎರಡನೇ ಅಂದಾಜಿನಲ್ಲೇ ಉತ್ತರ ಸಿಕ್ಕಿಬಿಡುವ ಲೆಕ್ಕಗಳನ್ನು ಕೊಡಬೇಡಿ. ಉತ್ತರ ಪೂರ್ಣಾಂಕವಾಗದ ಒಂದೆರಡು ಲೆಕ್ಕ ಕೊಟ್ಟರೆ ಅಂದಾಜು ತನ್ನಿಂದ ತಾನೇ ಬೇಸರ ತರಿಸುತ್ತದೆ.

ಪ್ರಶ್ನೆ: ಪಾಠದಲ್ಲಿ ನಮ್ಮ ಹಳೆಯ ಗಣಿತಜ್ಞರನ್ನು ತರುವುದರಿಂದ ಉಪಯೋಗ ಇದೆಯೇ? – ಓದುಗ, ಕೋಥ್ರೂಡ್, ಪುಣೆ

ಉತ್ತರ: ಹೆಸರು, ಇಸವಿ ಹೇಳಿ ಬಿಟ್ಟರೆ ಇಲ್ಲ. ಅವರ ಲೆಕ್ಕವನ್ನೇ ಮಾಡಿಸಿದರೆ ಇದೆ. ಭಾಸ್ಕರಾಚಾರ್ಯರು 1114ರಲ್ಲಿ ಹುಟ್ಟಿದವರು. ಅವರ ಮನೆತನದ ವಿವರವಿರುವ, ಮೊಮ್ಮಗ ಚಾಂಗದೇವನ ಕಾಲದ ಶಾಸನ ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿದೆ. ಅವ್ಯಕ್ತ ಸಂಖ್ಯೆಗೆ ಯಾವತ್ತಾವತ್, ಎರಡನೆಯದಕ್ಕೆ ಕಾಲಕ, ಮೂರನೆಯದಕ್ಕೆ ನೀಲಕ ಎಂದು ಹೆಸರಿಟ್ಟು, ಬರೆಯುವಾಗ ಯಾ, ಕಾ, ನೀ ಎಂದು ಮೊದಲ ಅಕ್ಷರ ಹಾಕುತ್ತಿದ್ದರು. ಅವರ ದುಂಬಿಗಳ ಲೆಕ್ಕ ಹೀಗೆ: ದುಂಬಿಗಳ ಐದನೇ ಒಂದು ಪಾಲು ಕದಂಬಕ್ಕೆ, ಮೂರನೇ ಒಂದು ಪಾಲು ಶಿಲೀಂಧ್ರ ಪುಷ್ಪಕ್ಕೆ, ಈ ಎರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ ಹೋದವು, ಒಂದು ಗಾಳಿಯಲ್ಲೇ ಸುಳಿದಾಡುತ್ತಿದೆ. ಒಟ್ಟು ಎಷ್ಟು? ಉತ್ತರ 15. ಮಕ್ಕಳು ತಪ್ಪುವುದು ವ್ಯತ್ಯಾಸಕ್ಕೆ ಆವರಣ ಹಾಕದೆ ಒಂದನ್ನು ಮಾತ್ರ ಮೂರರಿಂದ ಗುಣಿಸುವಲ್ಲಿ. 3, 5, 6, 1 ಎಂದು ದುಂಬಿಗಳನ್ನು ಎಣಿಸಿ ತಾಳೆ ನೋಡಿಸಿ.

ಪ್ರಶ್ನೆ: ಜಿಎಸ್‌ಟಿ ಪಾಠ ಬೀಜಗಣಿತದಲ್ಲಿ ಯಾಕಿದೆ? ಅದು ಬರೀ ಶೇಕಡಾ ಲೆಕ್ಕವಲ್ಲವೇ? – ಪಾಲಕ, ಬೊರಿವಲಿ

ಉತ್ತರ: ತೆರಿಗೆ ಸೇರಿದ ಬಿಲ್ಲಿನಿಂದ ಹಿಂದಕ್ಕೆ ಹೋಗುವಾಗ ತಿಳಿಯುತ್ತದೆ. 5% ಸೇರಿ 420 ರೂಪಾಯಿ. 420ರ 5%, ಅಂದರೆ 21 ಕಳೆದು 399 ಎನ್ನುವವರೇ ಬಹಳ. ತೆರಿಗೆ ಸೇರುವ ಮುಂಚಿನ ಬೆಲೆ ಕ ಎಂದಿಟ್ಟು 1.05ಕ = 420 ಎಂದು ಬರೆದವರಿಗೆ ಮಾತ್ರ 400 ಸಿಗುತ್ತದೆ.

ಪ್ರಶ್ನೆ: ಸರಳರೇಖೆಯ ನಕ್ಷೆಗೆ ಆಟೋರಿಕ್ಷಾದ ಉದಾಹರಣೆ ಕೊಟ್ಟೆ, ಮಕ್ಕಳಿಗೆ ಇಷ್ಟವಾಯಿತು. ಆದರೆ ಉತ್ತರ ಮೀಟರಿಗೆ ಹೊಂದಲಿಲ್ಲ. – ಶಿಕ್ಷಕಿ, ಮುಲುಂಡ್

ಉತ್ತರ: ಬಹುಶಃ ಕನಿಷ್ಠ ದರವನ್ನು ಸ್ಥಿರ ಪದವೆಂದು ಹಿಡಿದಿದ್ದೀರಿ. 2025ರ ಫೆಬ್ರವರಿಯಲ್ಲಿ ಜಾರಿಯಾದ ಮುಂಬಯಿ ದರ ನೋಡಿ: ಮೊದಲ 1.5 ಕಿ.ಮೀ.ಗೆ 26 ರೂಪಾಯಿ, ಮುಂದೆ ಪ್ರತಿ ಕಿ.ಮೀ.ಗೆ 17.14. ಐದು ಕಿ.ಮೀ.ಗೆ 26 + 17.14×5 ಎಂದರೆ 111.70 ಬರುತ್ತದೆ. ಮೊದಲ ಒಂದೂವರೆ ಕಿಲೋಮೀಟರಿಗೆ ಎರಡು ಸಲ ದುಡ್ಡು ಕೊಟ್ಟಂತೆ. ಸರಿಯಾದದ್ದು 26 + 17.14×(5–1.5), ಹತ್ತಿರ ಹತ್ತಿರ 86.

ನಕ್ಷೆ ಹಾಕಿಸಿದರೆ ಇನ್ನೂ ಸ್ವಾರಸ್ಯ. 1.5ರವರೆಗೆ 26ರ ಎತ್ತರದಲ್ಲಿ ಮಟ್ಟಸ ಗೆರೆ, ಅಲ್ಲಿಂದ ಓರೆ ಗೆರೆ. ಆ ಓರೆ ಗೆರೆಯನ್ನು ಅಳತೆಪಟ್ಟಿ ಇಟ್ಟು ಹಿಂದಕ್ಕೆ ಎಳೆಸಿ. ಅದು ಲಂಬ ಅಕ್ಷವನ್ನು 26ರಲ್ಲಿ ಮುಟ್ಟದೆ, ಮೂಲಬಿಂದುವಿನ ಪಕ್ಕದಲ್ಲೇ, 0.29ರಲ್ಲಿ ಮುಟ್ಟುತ್ತದೆ. ಯಾಕೆ? 17.14×1.5 ಎಂದರೆ 25.71, ಅದನ್ನು ರೂಪಾಯಿಗೆ ದುಂಡು ಮಾಡಿದರೆ 26. ಕನಿಷ್ಠ ದರವೂ ಅದೇ ಕಿಲೋಮೀಟರ್ ದರದಿಂದಲೇ ಹೊರಟಂತಿದೆ. ಟ್ಯಾಕ್ಸಿಯದು 31 ಮತ್ತು 20.66, ಅದನ್ನು ಮಕ್ಕಳೇ ಪರೀಕ್ಷಿಸಲಿ. ದರ ಪರಿಷ್ಕರಣೆ ಆದಾಗ ಹೊಸ ಅಂಕಿ ಹಾಕಿಕೊಳ್ಳಿ.

ಮುಂದಿನ ಹೆಜ್ಜೆಗೆ ಲೋಕಲ್ ಟ್ರೇನು. ನಿಲುಗಡೆ ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿ. ಚರ್ಚ್‌ಗೇಟಿನಿಂದ ಸ್ಲೋ ಗಾಡಿ 8 ಗಂಟೆಗೆ, ನಿಮಿಷಕ್ಕೆ 0.5 ಕಿ.ಮೀ. ವೇಗ. ಫಾಸ್ಟ್ 8.12ಕ್ಕೆ, ನಿಮಿಷಕ್ಕೆ 0.7. ಎಲ್ಲಿ ಹಿಂದಿಕ್ಕುತ್ತದೆ? ಕ ಎಂದರೆ 8 ಗಂಟೆಯಿಂದ ಕಳೆದ ನಿಮಿಷಗಳು. 0.5ಕ = 0.7(ಕ–12), ಅಂದರೆ 42ನೇ ನಿಮಿಷಕ್ಕೆ 21ನೇ ಕಿ.ಮೀ.ನಲ್ಲಿ, ಪಾರ್ಲೆ ದಾಟಿ ಅಂಧೇರಿಗೆ ಮೊದಲು. 12ನ್ನು ಕಳೆಯುವ ಬದಲು ಕೂಡಿಸುವವರು ಸಿಗುತ್ತಾರೆ. ಅವರಿಗೆ “ತಡವಾಗಿ ಹೊರಟ ಗಾಡಿ ಓಡಿದ ನಿಮಿಷ ಹೆಚ್ಚೋ ಕಡಿಮೆಯೋ?” ಎಂದು ಕೇಳಿದರೆ ಸಾಕು. ಫೋನ್ ಇದ್ದರೆ ಇದೇ ಎರಡು ಗೆರೆಗಳನ್ನು ನಕ್ಷೆ ಬಿಡಿಸುವ ಜಿಯೋಜೀಬ್ರಾ ಆ್ಯಪ್‌ನಲ್ಲಿ ಹಾಕಿ, ಫಾಸ್ಟ್ ಗಾಡಿಯ ಹೊರಡುವ ಹೊತ್ತಿಗೆ ಒಂದು ಸ್ಲೈಡರ್ ಇಟ್ಟು ಸರಿಸಿ ತೋರಿಸಬಹುದು. ಆದರೆ ಗ್ರಾಫ್ ಕಾಗದದ ಮೇಲೆ ಕೈಯಿಂದ ಒಂದು ಸಲವಾದರೂ ಎಳೆದ ಮೇಲೆಯೇ.